ಸುಣ್ಣ ಮತ್ತು ಕಣ್ಣು

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಮುಂತಾದ ಊರುಗಳ ಸುತ್ತಣ ಬೆಟ್ಟಗಳಲ್ಲಿ ಮುಂಗಾರು ಸಮೀಪಿಸಿತೆಂದರೆ ತೋಟಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಪೀಪಾಯಿಗಳಲ್ಲಿ ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನೊಡನೆ ಬೆರೆಸಿ, ತಿಳಿನೀಲಿ ಬಣ್ಣದ ದ್ರಾವಣವನ್ನು ಸಿದ್ಧಪಡಿಸಿ ಗಿಡಗಳಿಗೆ ಸಿಂಪಡಿಸುತ್ತಾರೆ. ಇದೇ ಬೋರ್ಡೋ ದ್ರಾವಣ. ಕಾಫಿಯನ್ನು ಎಲೆ ತುಕ್ಕು ರೋಗದಿಂದಲೂ ಅಡಿಕೆಯನ್ನು ಕೊಳೆರೋಗದಿಂದಲೂ ಕಾಪಾಡುವ ಈ ದ್ರಾವಣ ಮಲೆನಾಡಿನ ಕೃಷಿಕನ ಆಪ್ತಮಿತ್ರ. ಆದರೆ ಇದರಲ್ಲಿ ಸೇರುವ ಸುಣ್ಣ, ಎಚ್ಚರ ತಪ್ಪಿದರೆ, ಮನುಷ್ಯನ ಕಣ್ಣಿನ ಬೆಳಕನ್ನೇ ಕಸಿದುಕೊಳ್ಳಬಲ್ಲದು.

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿಯ ರೋಗವನ್ನು ತಡೆಯಲು ಮಿಲ್ಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಈ ದ್ರಾವಣವನ್ನು ಪ್ರಚುರಪಡಿಸಿದನು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಇದನ್ನು ಬಳಕೆಗೆ ತಂದರು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವು ಕಾಫಿಯ ರೋಗಗಳ ಬಗ್ಗೆ ಸಂಶೋಧನೆ ನಡೆಸುತ್ತ ಬಂದಿದೆ. ಕಾಫಿಗೆ ಸಾಮಾನ್ಯವಾಗಿ 200 ಲೀಟರ್ ನೀರಿಗೆ 1 ಕಿಲೋಗ್ರಾಂ ಮೈಲುತುತ್ತ ಮತ್ತು 1 ಕಿಲೋಗ್ರಾಂ ಸುಣ್ಣವನ್ನು ಬಳಸುತ್ತಾರೆ.

ಸುಣ್ಣವನ್ನೇಕೆ ಬೆರೆಸಬೇಕು? ಮೈಲುತುತ್ತದ ದ್ರಾವಣ ಆಮ್ಲೀಯವಾದುದು. ಅದನ್ನು ಹಾಗೆಯೇ ಸಿಂಪಡಿಸಿದರೆ ಎಲೆಗಳು ಸುಟ್ಟುಹೋಗುತ್ತವೆ. ಸುಣ್ಣ ಕ್ಷಾರವಾದ್ದರಿಂದ ಆ ಆಮ್ಲಗುಣವನ್ನು ತಗ್ಗಿಸುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ತಿಳಿಯಬೇಕು. ಎಲೆಯನ್ನು ಕಾಯುವ ಈ ಕ್ಷಾರಗುಣವೇ ಕಣ್ಣಿಗೆ ಶತ್ರು.

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ಪಾರದರ್ಶಕವಾದ ಒಂದು ಪಟಲವಿದೆ. ಅದನ್ನು ಕಾರ್ನಿಯಾ ಎನ್ನುತ್ತಾರೆ. ಆಮ್ಲ ತಗುಲಿದರೆ ಸಾಮಾನ್ಯವಾಗಿ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ಆಮ್ಲ ಇನ್ನೂ ಒಳಗೆ ಇಳಿಯದಂತೆ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಾರ ಹಾಗಲ್ಲ. ಅದು ಜೀವಕೋಶಗಳ ಕೊಬ್ಬಿನಂಶವನ್ನು ಕರಗಿಸುತ್ತ ಆಳಕ್ಕೆ ಇಳಿಯುತ್ತದೆ. ಸುಣ್ಣದ ಕಣಗಳು ರೆಪ್ಪೆಯ ಒಳಗೆ ಅಂಟಿಕೊಂಡು ಬಹುಹೊತ್ತು ಸುಡುತ್ತಲೇ ಇರುತ್ತವೆ. ಕಪ್ಪುಗುಡ್ಡೆಯ ಅಂಚಿನಲ್ಲಿ ಕಾರ್ನಿಯಾದ ಮೇಲ್ಪದರವನ್ನು ನವೀಕರಿಸುವ ಮೂಲಕೋಶಗಳಿವೆ. ಅವು ಸತ್ತರೆ ಪಟಲವು ಮಬ್ಬಾಗಿ ಬೆಳ್ಳಗಾಗುತ್ತದೆ. ದಾನಿಗಳ ಕಾರ್ನಿಯಾವನ್ನು ಜೋಡಿಸಿದರೂ ಅದು ನಿಲ್ಲುವುದು ಕಷ್ಟ.

ಕಣ್ಣಿಗೆ ಕೇಡು ತರುವ ವಿಷಗಳು ಬೇರೆಯೂ ಉಂಟು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತ ಮದ್ಯವನ್ನು ಕುಡಿದು 300ಕ್ಕೂ ಹೆಚ್ಚು ಜನ ಮರಣ ಹೊಂದಿದರು. ಈ ವಿಷ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ದೃಷ್ಟಿನರವನ್ನು ಕೆಡಿಸುತ್ತದೆ. ಬದುಕಿ ಉಳಿದವರೂ ಕುರುಡರಾಗಬಹುದು. ರಕ್ತಕ್ಕೆ ಸೇರಿದ ವಿಷವನ್ನು ಪಕ್ಕದಲ್ಲಿದ್ದವರು ತೊಳೆದು ತೆಗೆಯಲಾರರು. ಸುಣ್ಣದ ವಿಷಯ ಹಾಗಲ್ಲ. ಅದಕ್ಕೆ ಮೊದಲ ಮದ್ದು ಪ್ರತಿಯೊಂದು ತೋಟದಲ್ಲಿಯೂ ಇದೆ. ಅದೇ ನೀರು.

ಸುಣ್ಣ ಕಣ್ಣಿಗೆ ಸಿಡಿದೊಡನೆ, ಒಂದು ಕ್ಷಣವನ್ನೂ ಕಳೆಯದೆ, ಶುದ್ಧವಾದ ನೀರನ್ನು ಧಾರೆಯಾಗಿ ಹರಿಯಬಿಟ್ಟು ಕಣ್ಣನ್ನು ತೊಳೆಯಬೇಕು. ನೋವಿನಿಂದ ರೆಪ್ಪೆಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಜೊತೆಯವರು ಅವುಗಳನ್ನು ಬೆರಳಿನಿಂದ ಮೃದುವಾಗಿ ಬಿಡಿಸಿ ಹಿಡಿಯಬೇಕು. ಹೀಗೆ ಅರ್ಧ ಗಂಟೆಯಾದರೂ ತೊಳೆಯಬೇಕು. ಕಾಣುವ ಸುಣ್ಣದ ಹರಳುಗಳನ್ನು ಒದ್ದೆಯಾದ ಶುಭ್ರ ಬಟ್ಟೆಯ ತುದಿಯಿಂದ ತೆಗೆಯಬಹುದು. ಕಣ್ಣನ್ನು ಉಜ್ಜಬಾರದು. ಎಣ್ಣೆ, ತುಪ್ಪ, ಹಾಲುಗಳನ್ನು ಹಾಕಬಾರದು. ಕ್ಷಾರಕ್ಕೆ ಆಮ್ಲವೇ ಮದ್ದೆಂದು ನಿಂಬೆರಸವನ್ನು ಹಿಂಡುವುದಂತೂ ಗಾಯದ ಮೇಲೆ ಗಾಯ ಮಾಡಿದಂತೆ. ಚೆನ್ನಾಗಿ ತೊಳೆದ ಬಳಿಕ ತಡಮಾಡದೆ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಟ್ಟದ ತೋಟದಿಂದ ಆಸ್ಪತ್ರೆಯ ದಾರಿ ದೂರ. ಆ ದಾರಿಯನ್ನು ಹಿಡಿಯುವ ಮೊದಲಿನ ಕೆಲವು ನಿಮಿಷಗಳಲ್ಲಿಯೇ ಕಣ್ಣಿನ ಭವಿಷ್ಯ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಅಪಾಯವನ್ನು ತಡೆಯುವುದು ಇನ್ನೂ ಮೇಲು. ಸುಟ್ಟ ಸುಣ್ಣ ನೀರಿನೊಡನೆ ಸೇರುವಾಗ ಕುದಿದು ಸಿಡಿಯುತ್ತದೆ. ಆದುದರಿಂದ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕೇ ಹೊರತು ಸುಣ್ಣದ ರಾಶಿಗೆ ನೀರನ್ನು ಸುರಿಯಬಾರದು. ಕಲಸುವವರೂ ಸಿಂಪಡಿಸುವವರೂ ಪಕ್ಕಗಳು ಮುಚ್ಚಿದ ಕನ್ನಡಕವನ್ನು ಧರಿಸಬೇಕು. ಗಾಳಿಗೆ ಎದುರಾಗಿ ನಿಂತು ಸಿಂಪಡಿಸಬಾರದು. ಕೆಲಸದ ಸ್ಥಳದಲ್ಲಿ ಒಂದು ಕೊಡ ಶುದ್ಧವಾದ ನೀರನ್ನು ಕಣ್ಣಿಗೆಂದೇ ಮೀಸಲಿಡಬೇಕು. ಇವು ಕೆಲಸ ಮಾಡಿಸುವವರ ಹೊಣೆಯೂ ಹೌದು. ಕೂಲಿಗೆಂದು ಬಂದವರು ಕಣ್ಣನ್ನು ತೆತ್ತು ಹಿಂದಿರುಗುವಂತೆ ಆಗಬಾರದು.

ಸುಣ್ಣ ತೋಟದಲ್ಲಿ ಮಾತ್ರ ಇಲ್ಲ. ಎಲೆ ಅಡಿಕೆಯ ತಟ್ಟೆಯಲ್ಲಿಯೂ ಇದೆ. ಅಂಗಡಿಯಲ್ಲಿ ದೊರೆಯುವ ಸುಣ್ಣದ ಪುಟ್ಟ ಪೊಟ್ಟಣವನ್ನು ಆಟದ ಸಾಮಾನೆಂದು ಮಕ್ಕಳು ಹಿಸುಕಿದಾಗ ಅದು ಒಡೆದು ಕಣ್ಣಿಗೆ ಸಿಡಿದು ದೃಷ್ಟಿ ಕೆಟ್ಟ ಪ್ರಸಂಗಗಳನ್ನು ನಮ್ಮ ದೇಶದ ನೇತ್ರವೈದ್ಯರು ದಾಖಲಿಸಿದ್ದಾರೆ. ಅಂತಹ ಪೊಟ್ಟಣ ಮಕ್ಕಳ ಕೈಗೆ ಎಟುಕದಂತೆ ಇರಬೇಕು.

ಬೆಳೆಯನ್ನು ಉಳಿಸುವ ವಿದ್ಯೆಯನ್ನು ಮಲೆನಾಡು ನೂರು ವರ್ಷಗಳಿಗೂ ಹಿಂದೆಯೇ ಕಲಿಯಿತು. ಆ ಬೆಳೆಯನ್ನು ಬೆಳೆಯುವವರ ಕಣ್ಣನ್ನು ಉಳಿಸುವ ವಿದ್ಯೆ ಅದಕ್ಕಿಂತ ಸುಲಭವಾದುದು. ಶಾಲೆಯಲ್ಲಿ ಇದನ್ನು ಕಲಿತವರು ಮನೆಯಲ್ಲಿಯೂ ತೋಟದಲ್ಲಿಯೂ ನಾಲ್ಕು ಜನಕ್ಕೆ ತಿಳಿಸಿದರೆ, ಆಪತ್ತಿನ ಹೊತ್ತಿನಲ್ಲಿ ನೀರಿನ ಕೊಡವನ್ನು ಹಿಡಿದು ಓಡಿಬರುವ ಕೈಗಳಿಗೆ ಕೊರತೆಯಾಗದು.