ನೀರು ಹಂಚುವ ಹಲಗೆ: ಚೀನಾದ ಬೆಟ್ಟದೂರುಗಳಲ್ಲಿ ನಡೆದು ಕಂಡಿದ್ದು

ದಕ್ಷಿಣ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ, ವಿಯೆಟ್ನಾಂ ಗಡಿಯ ಕಡೆಗೆ, ಐಲಾವ್ ಅನ್ನುವ ಬೆಟ್ಟಸಾಲಿದೆ. ಅಲ್ಲಿನ ಹಾನಿ ಜನ (ಇದು ಜನಾಂಗದ ಹೆಸರು, ನಮ್ಮ ನಷ್ಟದ ಹಾನಿ ಅಲ್ಲ) ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸುಮಾರು 1,300 ವರ್ಷದಿಂದ ಗದ್ದೆ ಮಾಡಿದ್ದಾರೆ. ಬೆಳೆಯೋದು ಕೆಂಪು ಭತ್ತ, ವರ್ಷಕ್ಕೆ ಒಂದೇ ಬೆಳೆ. 2019ರ ನವೆಂಬರಿನಲ್ಲಿ ನಾನೊಬ್ಬನೇ ಬೆನ್ನಿಗೊಂದು ಚೀಲ ಹಾಕಿಕೊಂಡು ಎಂಟು ದಿನ ಆ ಊರುಗಳಲ್ಲಿ ನಡೆದೆ. ಮಳೆಯನ್ನೇ ನಂಬಿದ ನಮ್ಮಂಥವರಿಗೆ ಅಲ್ಲಿ ನೋಡಬೇಕಾದ್ದು ಭತ್ತವಲ್ಲ, ನೀರು ಹಂಚುವ ರೀತಿ.

ಹೋದ ದಾರಿ: ಕಲಕತ್ತದಿಂದ ಕುನ್‌ಮಿಂಗ್‌ಗೆ ವಿಮಾನ (ಕಲಕತ್ತದಲ್ಲಿರುವ ಅಳಿಯ ಟಿಕೇಟು ಮಾಡಿಸಿದ), ಅಲ್ಲಿಂದ ಯುವಾನ್‌ಯಾಂಗ್ ಸೀಮೆಗೆ ಬಸ್ಸು. ಪಾಸ್‌ಪೋರ್ಟು ಸದಾ ಜೇಬಿನಲ್ಲಿರಬೇಕು, ತಂಗುವ ಮನೆಯವರು ಅದನ್ನು ನೋಡಿ ಪೊಲೀಸರಿಗೆ ತಿಳಿಸುತ್ತಾರೆ. ನಮ್ಮ ವಾಟ್ಸಾಪ್ ಅಲ್ಲಿ ನಡೆಯದು. ‘ಮಾಂಸ, ಮೀನು ತಿನ್ನುವುದಿಲ್ಲ’ ಅಂತ ಚೀನೀ ಅಕ್ಷರದಲ್ಲಿ ಬರೆಸಿದ ಚೀಟಿ ಹೊಟ್ಟೆ ಕಾಯಿತು. ಕುಡಿಯಲು ಬಿಸಿನೀರು ಎಲ್ಲಿ ಬೇಕಾದರೂ ಸಿಗುತ್ತದೆ. ಒಯ್ದಿದ್ದ ರಾಗಿ ಹುರಿಹಿಟ್ಟಿಗೆ ಇನ್ನೇನು ಬೇಕು!

ಬೆಟ್ಟದ ನೆತ್ತಿಯಲ್ಲಿ ಕಾಡು, ಅದರ ಕೆಳಗೆ ಊರು, ಊರಿನ ಕೆಳಗೆ ಗದ್ದೆ, ತಳದಲ್ಲಿ ಕೆಂಪು ನದಿ. ನದಿ ಕಣಿವೆಯ ಆವಿ ಮೇಲೇರಿ ಮಂಜಾಗಿ, ಮಳೆಯಾಗಿ ಕಾಡಿಗೆ ಬೀಳುತ್ತದೆ. ಕಾಡು ಅದನ್ನು ಹಿಡಿದಿಟ್ಟು ತೊರೆಯಾಗಿ ಬಿಡುತ್ತದೆ. ಮೇಲಿನ ಕಾಡಿಗೆ ಕೊಡಲಿ ಹಾಕುವಂತಿಲ್ಲ ಅನ್ನೋದು ಊರಿನ ಕಟ್ಟಳೆ, ಅದರಲ್ಲಿ ದೇವರ ಬನವೂ ಉಂಟು.

ಇನ್ನು ಹಲಗೆ ವಿಚಾರ. ಕಾಲುವೆ ಕವಲಾಗುವ ಕಡೆ ಅಡ್ಡಲಾಗಿ ಗಟ್ಟಿ ಮರದ ದಿಮ್ಮಿ ಹೂಳಿರುತ್ತಾರೆ. ಅದರ ಮೇಲ್ಗಡೆ ಕಚ್ಚುಗಳು. ಒಂದು ನಾಲ್ಕು ಬೆರಳಗಲ, ಪಕ್ಕದ್ದು ಎರಡು ಬೆರಳಗಲ. ಯಾವ ಕವಲಿನಲ್ಲಿ ಎಷ್ಟು ಗದ್ದೆ, ಕಾಲುವೆ ತೋಡುವಾಗ ಯಾರು ಎಷ್ಟು ಆಳು ಕೊಟ್ಟರು ಅನ್ನುವ ಲೆಕ್ಕದ ಮೇಲೆ ಅಗಲ ನಿಗದಿ. ಕಚ್ಚುಗಳ ತಳ ಮಾತ್ರ ಒಂದೇ ಮಟ್ಟ, ಗುಟ್ಟಿರೋದೇ ಅಲ್ಲಿ. ನೀರು ಹೆಚ್ಚಿದರೆ ಎಲ್ಲರಿಗೂ ಹೆಚ್ಚು, ಬತ್ತಿದರೆ ಎಲ್ಲರಿಗೂ ಕಡಿಮೆ. ಗಂಟೆ ಲೆಕ್ಕದ ಪಾಳಿಯಾದರೆ ನಡುರಾತ್ರಿ ಪಾಳಿ ಬಂದವನು ಗೊಣಗುತ್ತಾನೆ, ಕತ್ತಲಲ್ಲಿ ಯಾರೋ ಮಡೆ ತಿರುಗಿಸುತ್ತಾರೆ. ಇಲ್ಲಿ ಹಗಲೂ ರಾತ್ರಿಯೂ ಎಲ್ಲರ ಕಡೆಗೂ ಒಟ್ಟಿಗೇ ಹರಿಯುತ್ತದೆ.

ಕಾಲುವೆ ಕಾಯಲು ಒಬ್ಬ ಆಳು. ಹೂಳು ತೆಗೆಯೋದು, ದಿಮ್ಮಿ ಯಾರೂ ಅಲ್ಲಾಡಿಸದಂತೆ ನೋಡೋದು ಅವನ ಕೆಲಸ, ಕೂಲಿ ಭತ್ತದ ಲೆಕ್ಕದಲ್ಲಿ. ನಮ್ಮ ಕೆರೆಗಳ ನೀರುಗಂಟಿಯೇ ಸರಿ! ಬೋರ್‌ವೆಲ್ ಬಂದ ಮೇಲೆ ಎಷ್ಟೋ ಊರಲ್ಲಿ ನೀರುಗಂಟಿ ಹೆಸರಿಗೂ ಉಳಿದಿಲ್ಲ.

ಗೊಬ್ಬರ ಹೊರುವ ಕೆಲಸವೂ ನೀರಿನದೇ. ಊರಿನ ಗುಂಡಿಯಲ್ಲಿ ವರ್ಷವಿಡೀ ಸಗಣಿ ಕೂಡಿಡುತ್ತಾರೆ. ಮಳೆಗಾಲದಲ್ಲಿ ಅದನ್ನು ಕದಡಿ ಕಾಲುವೆಗೆ ಬಿಟ್ಟರೆ ಗದ್ದೆಗೆ ತಾನೇ ಇಳಿಯುತ್ತದೆ.

ಸೆಪ್ಟೆಂಬರಿನ ಸುಮಾರಿಗೆ ಕೊಯ್ಲು ಮುಗಿದರೂ ಗದ್ದೆಯಲ್ಲಿ ನೀರು ನಿಲ್ಲಿಸುತ್ತಾರೆ. ಫೋಟೋ ತೆಗೆಯಲು ಬರುವವರಿಗೆ ಅದು ಚೆಂದ, ರೈತನಿಗೆ ಅದು ಬದುವಿನ ಕಾವಲು. ಒಣಗಿದ ಮಣ್ಣಿನ ಬದು ಬಿರಿಯುತ್ತದೆ, ಮತ್ತೆ ನೀರು ಬಿಟ್ಟಾಗ ಸೋರಿ ಕುಸಿಯುತ್ತದೆ, ಕೆಳಗಿನವನ ಗದ್ದೆಯನ್ನೂ ಎಳೆದುಕೊಂಡು ಹೋಗುತ್ತದೆ. 2013ರಲ್ಲಿ ಯುನೆಸ್ಕೊ 16,603 ಹೆಕ್ಟೇರನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದರೇನು, ಬದು ಮೆತ್ತಲು ಕೈ ಬೇಕಲ್ಲ? ಹುಡುಗರು ಪಟ್ಟಣ ಸೇರುತ್ತಿದ್ದಾರೆ. ನೀರು ಬಿಟ್ಟ ಗದ್ದೆಯಲ್ಲಿ ಮುಸುಕಿನ ಜೋಳ ಹಾಕಿದ್ದನ್ನೂ ಕಂಡೆ. ತಂಗಿದ್ದ ಮನೆಯ ಹುಡುಗಿ ಫೋನಿನಲ್ಲಿ ಮಾತನ್ನು ಹಿಂದಿಗೆ ತಿರುಗಿಸಿ ಕೊಡುತ್ತಿದ್ದಳು. ನಿಮ್ಮ ನಂತರ ಯಾರು ಅಂತ ಕಾಲುವೆ ಕಾಯುವ ಮುದುಕನನ್ನು ಅವಳ ಮೂಲಕ ಕೇಳಿದೆ. ಮಗ ಕುನ್‌ಮಿಂಗ್‌ನಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ ಅಂದ, ಅಷ್ಟೇ.

ಒಡ್ಡಿನ ನೀರನ್ನು ಇಬ್ಬರು ಮೂವರು ಹಂಚಿಕೊಳ್ಳುವ ಕಡೆ ನಾವೂ ಈ ಹಲಗೆ ಹಾಕಬಹುದು. ಕರಿಜಾಲಿ ದಿಮ್ಮಿ ಸಾಕು. ಎಲ್ಲರನ್ನೂ ಕೂರಿಸಿ, ಎಕರೆ ಲೆಕ್ಕ ಹಾಕಿ, ಅವರೆದುರಿಗೇ ಕಚ್ಚು ಕೊರೆಸಿ. ದಿಮ್ಮಿಯ ಹಿಂದೆ ಕಾಲುವೆ ಸ್ವಲ್ಪ ಅಗಲವಾಗಿದ್ದು ನೀರು ನಿಧಾನವಾಗಿ ಬರಬೇಕು. ಹೂಳುವ ಮುಂಚೆ ಗಾರೆಯವರ ಟ್ಯೂಬು ಹಿಡಿದು ಮಟ್ಟ ನೋಡಿ. ಒಂದು ಬೆರಳು ಓರೆಯಾದರೂ ತಗ್ಗಿನ ಕಡೆಯವನಿಗೇ ಹೆಚ್ಚು ನೀರು ಹೋಗುತ್ತದೆ.