ಹಾಸಿಗೆಗೆ ಕಡಿಮೆ, ಗೈಡ್‌ಗೆ ಹೆಚ್ಚು

ದಕ್ಷಿಣ ಆಫ್ರಿಕಾಕ್ಕೆ ಹಕ್ಕಿ, ಪ್ರಾಣಿ ನೋಡಲು ಹೋಗಿ ಬಂದೆವು ಅಂದ ಕೂಡಲೇ ಎದುರಿನವರ ಮೊದಲ ಪ್ರಶ್ನೆ ‘ಎಷ್ಟಾಯ್ತು?’ ಅದಕ್ಕೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ವಿಮಾನ, ವೀಸಾ, ವಿಮೆ, ಊಟ, ಟಿಪ್ಸ್ ಎಲ್ಲ ಸೇರಿ ತಲೆಗೆ ಮೂರೂವರೆ ಲಕ್ಷ ರೂಪಾಯಿಯ ಹತ್ತಿರ ಬಂತು. 2024ರ ಜನವರಿ–ಫೆಬ್ರುವರಿಯ ಬೆಲೆ ಇದು. ಸಂಬಳದಲ್ಲಿ ಬದುಕುವ ನಮ್ಮಂಥವರಿಗೆ ದೊಡ್ಡ ಮೊತ್ತವೇ. ಆದರೆ ಇಷ್ಟೇ ದುಡ್ಡು ಸುರಿದು, ಎರಡು ಸಿಂಹದ ಫೋಟೊ ಬಿಟ್ಟರೆ ಬೇರೇನೂ ನೆನಪಿಲ್ಲದೆ ಬಂದವರನ್ನೂ ನಾನು ಬಲ್ಲೆ. ವ್ಯತ್ಯಾಸ ಇರುವುದು ಆ ಹಣವನ್ನು ಯಾವ ಬಾಬತ್ತಿಗೆ ಎಷ್ಟು ಹಂಚಿದೆವು ಅನ್ನುವುದರಲ್ಲಿ. ನನ್ನ ಅಭಿಪ್ರಾಯ ಖಡಾಖಂಡಿತ: ಇಂಥ ಪ್ರವಾಸದಲ್ಲಿ ಗೈಡ್ ಮೇಲೆ ಧಾರಾಳವಾಗಿ ಖರ್ಚು ಮಾಡಬೇಕು, ಹಾಸಿಗೆಯಲ್ಲಿ ಉಳಿಸಬೇಕು.

ಶುರುವಿನಲ್ಲಿ ಬೆಂಗಳೂರಿನ ಏಜೆಂಟರೊಬ್ಬರಿಂದ ಕೊಟೇಶನ್ ತರಿಸಿಕೊಂಡಿದ್ದೆವು. ಜೊಹಾನ್ಸ್‌ಬರ್ಗ್, ಸನ್ ಸಿಟಿ, ಕೇಪ್‌ಟೌನ್, ನಡುವೆ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಒಂದು ಲಾಡ್ಜ್‌ನಲ್ಲಿ ಎರಡು ರಾತ್ರಿ. ಮೊತ್ತದ ಕೆಳಗೆ ಸಣ್ಣ ಅಕ್ಷರದಲ್ಲಿ ಪಾರ್ಕ್ ಶುಲ್ಕ, ಟಿಪ್ಸ್, ಮಧ್ಯಾಹ್ನದ ಊಟ ಇವನ್ನೆಲ್ಲ ಹೊರಗಿಟ್ಟಿದ್ದರು. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ‘ಹಕ್ಕಿ ತೋರಿಸೋ ಗೈಡ್ ಯಾರು?’ ‘ಯಾರಾದ್ರೂ ಇರ್ತಾರೆ ಮೇಡಂ, ಅಲ್ಲಿಗೆ ಹೋದ್ಮೇಲೆ ಗೊತ್ತಾಗುತ್ತೆ’ ಎಂದರು. ಆ ಕೊಟೇಶನ್ ಅಲ್ಲಿಗೇ ಮುಗಿಯಿತು.

ದಕ್ಷಿಣ ಆಫ್ರಿಕಾದಲ್ಲಿ ಗೈಡ್ ಕೆಲಸಕ್ಕೆ ಕಾನೂನಿನ ಪ್ರಕಾರ ನೋಂದಣಿ ಬೇಕು. ಕಾಡಿನ ಗೈಡ್‌ಗಳಿಗೆ ಪರೀಕ್ಷೆ ನಡೆಸಿ ಅರ್ಹತಾ ಪತ್ರ ಕೊಡುವ ಫಗಾಸಾ ಎಂಬ ಸಂಘ 1990ರಿಂದ ಇದೆ. ಆದ್ದರಿಂದ ಮುಂಗಡ ಕಟ್ಟುವ ಮೊದಲೇ ಗೈಡ್ ಹೆಸರು, ಅವರ ಅರ್ಹತೆ, ಹಕ್ಕಿಗಳಲ್ಲಿ ಎಷ್ಟು ಅನುಭವ ಇದೆ ಅನ್ನುವುದನ್ನು ಕೇಳಿ ಬರಹದಲ್ಲಿ ಪಡೆಯಬಹುದು. ನಾವು ಹಾಗೇ ಮಾಡಿದೆವು. ಅಲ್ಲಿನದೇ ಒಂದು ಸಣ್ಣ ಸಂಸ್ಥೆಗೆ ಬರೆದು, ಗೈಡ್ ಯಾರೆಂದು ಖಚಿತವಾದ ಮೇಲೆಯೇ ಹಣ ಕಳಿಸಿದೆವು.

ಲೆಕ್ಕದ ಗುಟ್ಟು ಇನ್ನೊಂದಿದೆ. ಗೈಡ್, ವಾಹನ, ಡೀಸೆಲ್ ಇವುಗಳ ಖರ್ಚು ದಿನಕ್ಕಿಷ್ಟು ಎಂದು ಬೀಳುತ್ತದೆಯೇ ಹೊರತು ತಲೆಗಿಷ್ಟು ಎಂದಲ್ಲ. ಇಬ್ಬರೇ ಹೋದರೆ ಆ ಹೊರೆ ಇಬ್ಬರ ಮೇಲೆ. ಎಂಟು ಮಂದಿಯ ಗುಂಪು ಸೇರಿದರೆ ಅಗ್ಗ, ಆದರೆ ಪೊದೆಯಲ್ಲಿ ಅರೆಕ್ಷಣ ಕಾಣುವ ಹಕ್ಕಿ ಎಂಟು ಜನರಿಗೂ ಸಿಗುವುದಿಲ್ಲ. ನಾವಿಬ್ಬರು ಮೈಸೂರಿನ ಸ್ನೇಹಿತ ದಂಪತಿಯನ್ನು ಜೊತೆ ಸೇರಿಸಿಕೊಂಡು ನಾಲ್ವರಾದೆವು. ಎಲ್ಲರಿಗೂ ಕಿಟಕಿ, ಎಲ್ಲರ ಮಾತಿಗೂ ಗೈಡ್‌ನ ಕಿವಿ. ಹಕ್ಕಿ ನೋಡುವ ಪ್ರವಾಸಕ್ಕೆ ನಾಲ್ಕಕ್ಕಿಂತ ಒಳ್ಳೆಯ ಸಂಖ್ಯೆ ಇಲ್ಲ.

ಗೈಡ್ ಅಂದರೆ ಏನು ಅನ್ನುವುದು ಕ್ರೂಗರ್‌ನ ಒಂದು ಮಧ್ಯಾಹ್ನ ಅರ್ಥವಾಯಿತು. ಸುಡುಬಿಸಿಲು, ಒಂದು ಎಲೆಯೂ ಅಲ್ಲಾಡುತ್ತಿಲ್ಲ, ಕಾಡು ಖಾಲಿ ಅನಿಸುತ್ತಿತ್ತು. ಗೈಡ್ ಎಂಜಿನ್ ಆಫ್ ಮಾಡಿ, ತುಟಿ ಸೇರಿಸಿ, ಮೆಲ್ಲಗೆ ಏರುತ್ತ ಹೋಗುವ ಒಂದು ಸಿಳ್ಳೆ ಹಾಕಿದರು. ಪರ್ಲ್ ಸ್ಪಾಟೆಡ್ ಔಲೆಟ್ ಎಂಬ ಮುಷ್ಟಿಯಷ್ಟು ಗಾತ್ರದ ಗೂಬೆಯ ಕೂಗು ಅದು. ಆ ಗೂಬೆ ಸಣ್ಣ ಹಕ್ಕಿಗಳನ್ನು ಹಿಡಿದು ತಿನ್ನುತ್ತದೆ, ಹಾಗಾಗಿ ಅದರ ದನಿ ಕೇಳಿದರೆ ಹಕ್ಕಿಗಳೆಲ್ಲ ಸೇರಿ ಓಡಿಸಲು ಬರುತ್ತವೆ. ನೋಡುತ್ತಿದ್ದಂತೆ ಎದುರಿನ ಮುಳ್ಳುಮರಕ್ಕೆ ಸೂರಕ್ಕಿ, ಕಾಜಾಣ, ಹೆಸರು ಗೊತ್ತಿಲ್ಲದ ಉಲಿಯಕ್ಕಿಗಳು ಒಂದರ ಹಿಂದೊಂದು ಬಂದು ಕೂತು ಬಯ್ಯತೊಡಗಿದವು. ಒಂದು ನಿಮಿಷ ಅಷ್ಟೇ. ‘ಸಾಕು, ಅವುಗಳಿಗೆ ಸುಮ್ಮನೆ ತೊಂದರೆ ಕೊಡಬಾರದು’ ಅಂತ ಗೈಡ್ ತಾವೇ ನಿಲ್ಲಿಸಿದರು. ಸಿಳ್ಳೆ ಹಾಕುವುದು ಕಲಿಕೆ. ನಿಲ್ಲಿಸುವುದು ಸಂಸ್ಕಾರ. ಎರಡಕ್ಕೂ ಸೇರಿಸಿ ದುಡ್ಡು ಕೊಟ್ಟೆವು ಅಂತ ನನಗೆ ಸಮಾಧಾನವಿದೆ.

ಇನ್ನು ಹಾಸಿಗೆ. ಕ್ರೂಗರ್‌ನ ಪಶ್ಚಿಮಕ್ಕೆ ಅಂಟಿಕೊಂಡ ಸಾಬಿ ಸ್ಯಾಂಡ್ ಎಂಬ ಖಾಸಗಿ ಕಾಡಿನ ಲಾಡ್ಜ್‌ಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 15 ಸಾವಿರ ರ್ಯಾಂಡ್, ಅದಕ್ಕೂ ಮೇಲೆ, ನಾವು ಹೋದಾಗ ಸಾಮಾನ್ಯ ದರ. ರ್ಯಾಂಡ್‌ಗೆ ನಾಲ್ಕೂವರೆ ರೂಪಾಯಿ ಹಿಡಿದರೂ 67 ಸಾವಿರ ದಾಟುತ್ತಿತ್ತು. ಕ್ರೂಗರ್ ಒಳಗೇ ಇರುವ ಸರ್ಕಾರಿ ರೆಸ್ಟ್ ಕ್ಯಾಂಪ್‌ಗಳಲ್ಲಿ, ಸ್ಕುಕುಜಾ, ಲೋವರ್ ಸಾಬಿ, ಸಟಾರಾ ಮುಂತಾದ ಕಡೆ, ಇಬ್ಬರು ಮಲಗುವ ಹುಲ್ಲುಛಾವಣಿಯ ಬಂಗಲೆಗೆ ಆಗ ಎರಡು ಸಾವಿರ ರ್ಯಾಂಡ್ ಆಸುಪಾಸು. ಈ ಎರಡು ಕಾಡುಗಳ ನಡುವಿನ ಬೇಲಿಯನ್ನು 1993ರಲ್ಲೇ ತೆಗೆದುಹಾಕಿದ್ದಾರೆ. ಆ ಕಡೆ ಓಡಾಡುವ ಚಿರತೆಯೇ ಈ ಕಡೆಗೂ ಬರುತ್ತದೆ. ಖಾಸಗಿ ಕಾಡಿನಲ್ಲಿ ರಸ್ತೆ ಬಿಟ್ಟು ಪೊದೆಯೊಳಗೆ ಜೀಪು ನುಗ್ಗಿಸಬಹುದು, ಕ್ರೂಗರ್‌ನಲ್ಲಿ ಆಗುವುದಿಲ್ಲ. ಚಿರತೆಯ ಫೋಟೊವೇ ಗುರಿಯಾದವರಿಗೆ ಅದು ದೊಡ್ಡ ಅನುಕೂಲ, ಒಪ್ಪುತ್ತೇನೆ. ಹಕ್ಕಿಗೆ ಅದರ ಅಗತ್ಯವಿಲ್ಲ. ಲೋವರ್ ಸಾಬಿ ಕ್ಯಾಂಪ್‌ನ ನದಿ ಕಡೆಯ ಕಟ್ಟೆಯ ಮೇಲೆ ಕಾಫಿ ಹಿಡಿದು ಕೂತರೆ ನೀರಾನೆ, ಮೊಸಳೆ, ಮಿಂಚುಳ್ಳಿ ಎಲ್ಲ ಎದುರಿಗೇ. ಕ್ಯಾಂಪ್‌ನ ಅಡುಗೆ ಜಾಗದಲ್ಲಿ ಅನ್ನ ಸಾರು ಮಾಡಿಕೊಂಡೆವು. ನಾವು ಹಾದುಬಂದ ಕ್ವಾಜುಲು–ನಟಾಲ್ ಪ್ರಾಂತ್ಯದಲ್ಲಿ 1860ರಿಂದ ನೆಲೆಸಿರುವ ಭಾರತೀಯರಿದ್ದಾರೆ, ದಾರಿಯ ಪೇಟೆಗಳಲ್ಲಿ ತೊಗರಿಬೇಳೆ, ಕೊತ್ತಂಬರಿ ಬೀಜಕ್ಕೆ ಬರವಿಲ್ಲ.

ವಿದೇಶಿಯರಿಗೆ ಕ್ರೂಗರ್‌ನ ಸಂರಕ್ಷಣಾ ಶುಲ್ಕ ನಾವು ಹೋದಾಗ ತಲೆಗೆ ದಿನಕ್ಕೆ ಸುಮಾರು 500 ರ್ಯಾಂಡ್ ಇತ್ತು, ಪ್ರತಿ ವರ್ಷ ಏರುತ್ತದೆ. ಒಂದು ವಾರಕ್ಕಿಂತ ಹೆಚ್ಚು ಇರುವವರು ವೈಲ್ಡ್ ಕಾರ್ಡ್ ಎಂಬ ವಾರ್ಷಿಕ ಪಾಸು ಲಾಭವೇ ಎಂದು ಲೆಕ್ಕ ಹಾಕಿ ನೋಡಬೇಕು. ಈ ಶುಲ್ಕ ಕೊಡುವಾಗ ನನಗೆ ಬೇಸರವಾಗಲಿಲ್ಲ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳು ತಮ್ಮ ಖರ್ಚಿನ ಬಹುಪಾಲನ್ನು ಪ್ರವಾಸಿಗರಿಂದಲೇ ದುಡಿದುಕೊಳ್ಳುತ್ತವೆ. ದಾರಿಯಲ್ಲಿ ಹ್ಲುಹ್ಲುವೆ–ಇಮ್ಫೊಲೊಜಿ ಕಾಡಿಗೂ ಹೋಗಿದ್ದೆವು. 1895ರಲ್ಲಿ ಘೋಷಣೆಯಾದ ಕಾಡು ಅದು. ದಕ್ಷಿಣದ ಬಿಳಿ ಘೇಂಡಾಮೃಗ ಅಳಿವಿನ ಅಂಚು ಮುಟ್ಟಿದಾಗ ಅಲ್ಲಿ ಮಾತ್ರ ಉಳಿದಿತ್ತು. 1960ರ ದಶಕದಲ್ಲಿ ಅಲ್ಲಿಂದಲೇ ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದರು. ಇವತ್ತು ಕ್ರೂಗರ್‌ನಲ್ಲಿ ಕಾಣುವ ಬಿಳಿ ಘೇಂಡಾ ಆ ವಂಶದ್ದೇ. ಕಳ್ಳಬೇಟೆಗಾರರಿಂದ ಅವನ್ನು ಹಗಲಿರುಳು ಕಾಯುವ ಸಿಬ್ಬಂದಿಯ ಸಂಬಳಕ್ಕೆ ನಮ್ಮ ಪಾಲೂ ಸೇರಲಿ.

ಹೋಗುವ ಕಾಲವೂ ಹಣದ ಪ್ರಶ್ನೆಯೇ. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಒಣ ಚಳಿಗಾಲ. ಹುಲ್ಲು ಒಣಗಿ, ಪ್ರಾಣಿಗಳು ನೀರಿನ ಹೊಂಡಕ್ಕೆ ಬಂದೇ ತೀರಬೇಕಾದ್ದರಿಂದ ಕಾಣಸಿಗುವುದು ಸುಲಭ, ಲಾಡ್ಜ್‌ಗಳ ಬೆಲೆಯೂ ಜಾಸ್ತಿ. ನವೆಂಬರ್‌ನಿಂದ ಮಾರ್ಚ್ ಮಳೆಗಾಲ. ಹುಲ್ಲು ಎದೆಮಟ್ಟ, ಸೆಕೆ, ಸೊಳ್ಳೆ. ಆದರೆ ವಲಸೆ ಹಕ್ಕಿಗಳೆಲ್ಲ ಬಂದಿರುವುದು ಆಗಲೇ. ಕೆಂಪು ಮೈಯ ಕಾರ್ಮೈನ್ ಕಳ್ಳಿಪೀರ, ದಿನವಿಡೀ ಕೂಗುವ ವುಡ್‌ಲ್ಯಾಂಡ್ ಮಿಂಚುಳ್ಳಿ ಎಲ್ಲವೂ ಆ ಕಾಲದ ಅತಿಥಿಗಳು. ಹಲವು ಖಾಸಗಿ ಲಾಡ್ಜ್‌ಗಳು ‘ಗ್ರೀನ್ ಸೀಸನ್’ ರಿಯಾಯಿತಿ ಕೊಡುತ್ತವೆ. ಡಿಸೆಂಬರ್ ಮಧ್ಯದಿಂದ ಅಲ್ಲಿನ ಶಾಲೆಗಳಿಗೆ ರಜೆ, ಕ್ಯಾಂಪ್‌ಗಳು ತುಂಬಿ ತುಳುಕುತ್ತವೆ. ಶಾಲೆ ತೆರೆದ ಮೇಲೆ, ಜನವರಿ ಕೊನೆಗೆ ಹೋಗುವುದು ಜಾಣತನ. ಜೊಹಾನ್ಸ್‌ಬರ್ಗ್ ಬಿಟ್ಟು ಹೈವೆಲ್ಡ್ ಎಂಬ ಎತ್ತರದ ಹುಲ್ಲುಗಾವಲಿಗೆ ಬಂದಾಗ ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಅಮುರ್ ಫಾಲ್ಕನ್‌ಗಳು ಕೂತಿದ್ದವು. ಅಕ್ಟೋಬರ್–ನವೆಂಬರ್‌ನಲ್ಲಿ ನಾಗಾಲ್ಯಾಂಡ್‌ನ ದೊಯಾಂಗ್ ಜಲಾಶಯದ ಬಳಿ ತಂಗಿ, ಭಾರತ ದಾಟಿ, ಅರಬ್ಬಿ ಸಮುದ್ರದ ಮೇಲೆ ಹಾರಿ ಬಂದ ಹಕ್ಕಿಗಳು. ನಮ್ಮ ನೆಲದ ಮೇಲೆ ಹಾದುಬಂದ ಜೀವ ಅಲ್ಲಿ ಕಂಡಾಗ ಗಂಟಲು ಕಟ್ಟಿತು.

ಈಗ ಶುದ್ಧ ಲೆಕ್ಕಾಚಾರ. ಕೊಟೇಶನ್ ಯಾವ ಕರೆನ್ಸಿಯಲ್ಲಿದೆ ನೋಡಿ. 2014ರಲ್ಲಿ ಒಂದು ರ್ಯಾಂಡ್‌ಗೆ ಐದೂವರೆ ರೂಪಾಯಿಯ ಆಸುಪಾಸು ಇತ್ತು, 2024ರಲ್ಲಿ ನಾಲ್ಕೂವರೆ. ಅದೇ ಹತ್ತು ವರ್ಷದಲ್ಲಿ ಡಾಲರ್ 61ರಿಂದ 84ರ ಹತ್ತಿರ ಬಂತು. ಬೋಟ್ಸ್‌ವಾನಾದ ಒಕವಾಂಗೊ ಕಡೆಯ ಲಾಡ್ಜ್‌ಗಳು ಡಾಲರ್‌ನಲ್ಲೇ ದರ ಹೇಳುತ್ತವೆ, ಆ ದೇಶ ಉದ್ದೇಶಪೂರ್ವಕವಾಗಿಯೇ ಕಡಿಮೆ ಜನ, ಹೆಚ್ಚು ಬೆಲೆ ಎಂಬ ನೀತಿ ಇಟ್ಟುಕೊಂಡಿದೆ. ಮಧ್ಯಮ ವರ್ಗದವರ ಮೊದಲ ಆಫ್ರಿಕಾ ಪ್ರವಾಸಕ್ಕೆ ರ್ಯಾಂಡ್‌ನಲ್ಲಿ ಬೆಲೆ ಹೇಳುವ ದಕ್ಷಿಣ ಆಫ್ರಿಕಾವೇ ಸರಿ. ಅಲ್ಲಿನ ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಯಂತ್ರ ಕೇಳಿದರೆ ಬೇಡ ಅನ್ನಿ. ಆ ವಿನಿಮಯ ದರ ಯಾವಾಗಲೂ ದುಬಾರಿ.

ವಿದೇಶ ಪ್ರವಾಸದ ಪ್ಯಾಕೇಜ್‌ಗೆ ಹಣ ಕಟ್ಟುವಾಗ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ನಾವು ಹೋದಾಗ 7 ಲಕ್ಷದವರೆಗೆ ಶೇ 5, ಅದರಾಚೆಗೆ ಶೇ 20 ಇತ್ತು. 2025ರ ಏಪ್ರಿಲ್‌ನಿಂದ ಆ ಮಿತಿಯನ್ನು 10 ಲಕ್ಷಕ್ಕೆ ಏರಿಸಿದರು. ಬಜೆಟ್ ಬಂದಾಗಲೆಲ್ಲ ಬದಲಾಗಬಹುದಾದ ದರ ಇದು, ಹಣ ಕಟ್ಟುವ ವಾರ ಬ್ಯಾಂಕ್‌ನಲ್ಲಿ ವಿಚಾರಿಸಿ. ಇದು ಖರ್ಚಲ್ಲ, ನಿಮ್ಮ ಪ್ಯಾನ್‌ಗೆ ಜಮೆಯಾಗುವ ತೆರಿಗೆ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಇಲ್ಲವೇ ವಾಪಸ್ ಪಡೆಯಬಹುದು. ಆದರೆ ಅಲ್ಲಿಯವರೆಗೆ ತಿಂಗಳುಗಟ್ಟಲೆ ಆ ದುಡ್ಡು ಕೈಯಲ್ಲಿರುವುದಿಲ್ಲ, ಅಷ್ಟನ್ನು ಮೊದಲೇ ಕೂಡಿಡಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ ತಮ್ಮ ತಮ್ಮ ಖಾತೆಯಿಂದಲೇ ತಮ್ಮ ಪಾಲು ಕಟ್ಟುವುದು ಒಳ್ಳೆಯದು.

ಪ್ರವಾಸದ ಹಣವನ್ನು ನಾವು ಕೂಡಿಟ್ಟದ್ದು ಸಾದಾ ಆರ್‌ಡಿಯಲ್ಲಿ. ಹೋಗುವ ತಿಂಗಳು ಗೊತ್ತಿರುವ ಹಣವನ್ನು ಷೇರುಪೇಟೆಗೆ ಹಾಕಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಪರ್ಸನಲ್ ಲೋನ್ ಮಾಡಿ ರಜೆಗೆ ಹೋಗುವುದಂತೂ ಬೇಡವೇ ಬೇಡ. ಸಿಂಹ ಇನ್ನೆರಡು ವರ್ಷ ಕಾಯುತ್ತದೆ. ವಿಮೆಯಲ್ಲಿ ಮಾತ್ರ ಜಿಪುಣತನ ಬೇಡ. ಕಾಡಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಪಾಲಿಸಿಯಲ್ಲಿ ಇದೆಯೇ ಎಂದು ಓದಿ ನೋಡಿ. ಕ್ರೂಗರ್ ಮಲೇರಿಯಾ ಪ್ರದೇಶ, ಮಾತ್ರೆ ವಿಚಾರವಾಗಿ ಡಾಕ್ಟರನ್ನು ಕಾಣಬೇಕು. ಅಡಿಸ್ ಅಬಾಬಾ, ನೈರೋಬಿ ಮೂಲಕ ಹೋಗುವವರು, ಅಲ್ಲಿ 12 ಗಂಟೆಗಿಂತ ಹೆಚ್ಚು ಕಾಯುವಂತಿದ್ದರೆ, ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆಗಿರಬೇಕು.

ಕೊನೆಯದಾಗಿ ವಾಕರ್‌ಸ್ಟ್ರೂಮ್ ವಿಷಯ. ಹೈವೆಲ್ಡ್‌ನ ಅಂಚಿನ ಪುಟ್ಟ ಊರು. ಅಲ್ಲಿಗೆ ಹೋದದ್ದು ರಡ್ಸ್ ಲಾರ್ಕ್ ಎಂಬ ಹಕ್ಕಿಗಾಗಿ. ಅದು ದಕ್ಷಿಣ ಆಫ್ರಿಕಾದ ಎತ್ತರದ ಹುಲ್ಲುಗಾವಲುಗಳಲ್ಲಷ್ಟೇ ಬದುಕುತ್ತದೆ, ಅಳಿವಿನಂಚಿನಲ್ಲಿದೆ. ಬರ್ಡ್‌ಲೈಫ್ ಸೌತ್ ಆಫ್ರಿಕಾ ಸಂಸ್ಥೆ ಅಲ್ಲಿನ ಸ್ಥಳೀಯ ಯುವಕರಿಗೆ ತರಬೇತಿ ಕೊಟ್ಟು ಪಕ್ಷಿ ಗೈಡ್‌ಗಳನ್ನಾಗಿ ಮಾಡಿದೆ. ನಮ್ಮ ಮುಖ್ಯ ಗೈಡ್ ಎಷ್ಟೇ ನುರಿತವರಾದರೂ, ಆ ಬೆಳಿಗ್ಗೆಗೆ ಊರಿನ ಗೈಡ್ ಒಬ್ಬರನ್ನು ಗೊತ್ತುಮಾಡಿದ್ದರು. ಹಕ್ಕಿ ಇರುವುದು ರೈತರ ಖಾಸಗಿ ಜಮೀನಿನಲ್ಲಿ, ಒಳಗೆ ಹೋಗಲು ಒಪ್ಪಿಗೆ ಇರುವುದು ಊರಿನವರಿಗೆ. ಮಂಜು ಇನ್ನೂ ಏಳದ ಹೊತ್ತು. ಮಂಡಿಯವರೆಗೆ ಪ್ಯಾಂಟು ಒದ್ದೆ. ಊರಿನ ಗೈಡ್ ನಡೆಯುತ್ತ ನಡೆಯುತ್ತ ನಿಂತು, ಕುರಿ ಮೇಯ್ದು ಗಿಡ್ಡವಾದ ಹುಲ್ಲು ತೋರಿಸಿ, ‘ಇಂಥ ಹುಲ್ಲೇ ಅದಕ್ಕೆ ಬೇಕು, ಉದ್ದ ಬೆಳೆದರೂ ಬೇಡ, ಉತ್ತರೂ ಬೇಡ’ ಎಂದರು. ಆಮೇಲೆ ಕೈ ಮೇಲೆತ್ತಿದರು. ಬರೀ ಆಕಾಶದಿಂದ ಮೂರ್ನಾಲ್ಕು ಸ್ವರ ಉದುರಿದಂತೆ ಹಾಡು ಬಂತು. ಹಕ್ಕಿ ಇಳಿದು, ನೆಟ್ಟಗೆ ನಿಂತು, ದೊಡ್ಡ ತಲೆಯ ಮೇಲಿನ ಜುಟ್ಟು ನಿಮಿರಿಸಿತು. ಹಕ್ಕಿ ಗೊತ್ತಿಲ್ಲದವರಿಗೆ ಅದು ಬರಿಯ ಕಂದು ಗುಬ್ಬಿ.

ಆ ಬೆಳಿಗ್ಗೆಗೆ ಅವರು ತೆಗೆದುಕೊಂಡದ್ದು ಕೆಲವು ನೂರು ರ್ಯಾಂಡ್. ಇಡೀ ಪ್ರವಾಸದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಸಿಕ್ಕಿದ್ದು ಇನ್ನೆಲ್ಲೂ ಇಲ್ಲ. ಹಕ್ಕಿ ಉಳಿದರೆ ತನಗೆ ಕೆಲಸ ಎಂದು ಊರಿನವನಿಗೆ, ಗೇಟು ತೆಗೆದರೆ ತನಗೂ ಗೌರವ ಎಂದು ರೈತನಿಗೆ ಅನಿಸುವುದು ಇಂಥ ಹಣದಿಂದಲೇ. ನೀವು ಹೋಗುವುದಾದರೆ, ಕೊಟೇಶನ್ ಬಂದಾಗ ಒಂದು ರಾತ್ರಿ ಕಡಿಮೆ ದರ್ಜೆಯ ಕೋಣೆ ಸಾಕು ಎಂದು ಬರೆಯಿರಿ, ಉಳಿದ ಹಣದಲ್ಲಿ ಪ್ರತಿ ಊರಿನಲ್ಲೂ ಸ್ಥಳೀಯ ಗೈಡ್ ಜೊತೆ ಒಂದು ಬೆಳಿಗ್ಗೆ ಸೇರಿಸಿ ಎಂದು ಕೇಳಿ. ಆ ಶುಲ್ಕವನ್ನು, ಟಿಪ್ಸನ್ನು ಬೇರೆಯವರ ಮೂಲಕ ಕಳಿಸಬೇಡಿ, ಅವರ ಕೈಗೇ ಕೊಡಿ.