ಗೊಂಬೆ ಮೆಟ್ಟಿಲ ಮೇಲೆ ಗುಜರಿಯೇ?

ಮೇಡಂ, ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವ ಕೆಲಸ ನನ್ನದೇ. ಹೋದ ವರ್ಷ ಅಂಗಡಿಯ ಅಲಂಕಾರ ಬೇಡವೆಂದು ಹಳೇ ಬಳೆ, ಲಗ್ನಪತ್ರಿಕೆ, ಸಿ.ಡಿ., ಪ್ಲಾಸ್ಟಿಕ್ ಬಾಟಲಿಗಳಿಂದಲೇ ತೋರಣ, ಹೂವು, ಮಂಟಪ ಮಾಡಿದೆ. ನೋಡಲು ಬಂದ ನಾದಿನಿ ಎಲ್ಲರೆದುರೇ “ಅತ್ತಿಗೆ ಗುಜರಿ ಅಂಗಡಿ ಇಟ್ಟಿದ್ದಾರೆ” ಅಂತ ನಕ್ಕರು. ಅತ್ತೆ ಅವತ್ತು ಏನೂ ಅನ್ನಲಿಲ್ಲ. ಈ ಸಲ ಅಟ್ಟದ ಟ್ರಂಕಿನಲ್ಲಿರುವ ಅವರ ಜರಿ ಸೀರೆ ಕತ್ತರಿಸಿ ಹಿಂದಿನ ಪರದೆ ಮಾಡೋಣ ಅಂತ ಮಗಳಿಗೆ ಹೇಳುತ್ತಿದ್ದುದು ಅವರ ಕಿವಿಗೆ ಬಿತ್ತು. ಆಗಿನಿಂದ “ದೇವರ ಮುಂದೆ ಮುರುಕಲು ಸಾಮಾನು ಇಟ್ಟರೆ ಮನೆಗೆ ಶ್ರೇಯಸ್ಸಲ್ಲ” ಅಂತ ಶುರುವಾಗಿದೆ. ಮಗಳಿಗೂ ಸ್ನೇಹಿತೆಯರ ಮನೆಯಂತೆ ಎಲ್ಲ ಹೊಸದೇ ಬೇಕು. ದುಡ್ಡಿಗೇನೂ ತೊಂದರೆಯಿಲ್ಲ, ಹತ್ತು ದಿನಕ್ಕೆ ಕೊಂಡು ಎಸೆಯಲು ನನಗೆ ಮನಸ್ಸು ಬರುವುದಿಲ್ಲ, ಅಷ್ಟೇ. ನಾನು ಅತಿ ಮಾಡುತ್ತಿದ್ದೇನಾ?
– ಹೆಸರು ಬೇಡ, ಮೈಸೂರು

ಮೊದಲು ಕತ್ತರಿ ಒಳಗಿಡಿ. ಸೀರೆ ಅತ್ತೆಯದು ಅಂತ ನೀವೇ ಬರೆದಿದ್ದೀರಿ, ಅವರನ್ನು ಕೇಳಿದೆ ಅಂತ ಎಲ್ಲೂ ಬರೆದಿಲ್ಲ. ಹೋದ ವರ್ಷ ನಿಮ್ಮ ಬಾಟಲಿ ಹೂವನ್ನೆಲ್ಲ ನೋಡಿಕೊಂಡು ಸುಮ್ಮನಿದ್ದವರು ಸೀರೆಯ ಮಾತು ಕಿವಿಗೆ ಬಿದ್ದ ಮೇಲೆ ‘ಮುರುಕಲು’ ಅನ್ನತೊಡಗಿದ್ದಾರೆ. ಇದು ಶಾಸ್ತ್ರದ ಜಗಳವಲ್ಲ, ಟ್ರಂಕಿನ ಜಗಳ. ನಿಮಗೆ ಅದು ಹಳೇ ಬಟ್ಟೆ. ಅವರಿಗೆ ಯಾರ ಮದುವೆಯದೋ, ಯಾವ ಸೀಮಂತದ್ದೋ. ಒಂದು ಮಧ್ಯಾಹ್ನ ಟ್ರಂಕನ್ನು ಕೆಳಗಿಳಿಸಿ ಅವರ ಮುಂದಿಡಿ, ತೆಗೆಯುವ ಕೆಲಸ ಅವರೇ ಮಾಡಲಿ. ಯಾವುದನ್ನು ಕೊಡಬಹುದು, ಯಾವುದನ್ನು ಮುಟ್ಟಬಾರದು ಅಂತ ಅವರ ಬಾಯಿಂದಲೇ ಬರಲಿ.

ಕೊಟ್ಟರೂ ಕತ್ತರಿಸಬೇಡಿ. ಒಳ್ಳೆಯ ಹಳೇ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. 1912ರಲ್ಲಿ ಶುರುವಾದ ನಿಮ್ಮೂರಿನ ರೇಷ್ಮೆ ಕಾರ್ಖಾನೆಯ ಸೀರೆಯೇನಾದರೂ ಅದರಲ್ಲಿದ್ದರೆ ಅಂಚು ಕತ್ತರಿಸಿದ ದಿನವೇ ಅದರ ಬೆಲೆ ಅರ್ಧ ಹೋಯಿತು. ‘ಹಳೇ ಜರಿ ಸೀರೆ’ ಅಂತ ಬೀದಿಯಲ್ಲಿ ಕೂಗಿಕೊಂಡು ಬರುವವರು ಪರೋಪಕಾರಕ್ಕೆ ಬರುವುದಿಲ್ಲವಲ್ಲ. ಗೋಡೆಗೆ ಗಟ್ಟಿ ಹಗ್ಗ ಕಟ್ಟಿ, ಸೀರೆಯನ್ನು ನೆರಿಗೆ ಹಿಡಿದು ಇಳಿಬಿಟ್ಟು, ಬಟ್ಟೆ ಒಣಹಾಕುವ ಕ್ಲಿಪ್ ಹಾಕಿದರೆ ಪರದೆ ಆಯಿತು. ಪಿನ್ನು ಬೇಡ, ಹಳೇ ರೇಷ್ಮೆ ಚುಚ್ಚಿದಲ್ಲೇ ಪಿಸಿಯುತ್ತದೆ. ಮಡಿಕೆಯ ಗೆರೆಯಲ್ಲಿ ಆಗಲೇ ಬಿಟ್ಟುಕೊಂಡಿದ್ದರೆ ಆ ಭಾಗ ನೆರಿಗೆಯೊಳಗೆ ಹೋಗಲಿ. ದೀಪ ಅದರಿಂದ ದೂರವಿರಲಿ.

ಇನ್ನು ಶಾಸ್ತ್ರ. ಭಿನ್ನವಾದದ್ದನ್ನು ಪೂಜೆಗಿಡುವುದಿಲ್ಲ ಅನ್ನುವುದು ಹಿರಿಯರು ಪಾಲಿಸಿಕೊಂಡು ಬಂದದ್ದು, ಅದರ ಜೊತೆ ವಾದ ಮಾಡಬೇಡಿ. ಕಳಸ, ಪಟ್ಟದ ಗೊಂಬೆ ಇರುವ ಮೇಲಿನ ಮೆಟ್ಟಿಲನ್ನು ಪೂರ್ತಿ ಅತ್ತೆಗೆ ಬಿಟ್ಟುಕೊಡಿ. ಅಲ್ಲಿ ಹೊಸ ವಸ್ತ್ರ, ತಾಜಾ ಹೂವು, ಅವರ ಮಾತೇ ಮಾತು. ಕೆಳಗಿನ ಮೆಟ್ಟಿಲು ಮತ್ತು ನೆಲದ ಮೇಲಿನ ಪಾರ್ಕು ನಿಮ್ಮದು. ಹಾಗೆ ನೋಡಿದರೆ ಗೊಂಬೆ ಹಬ್ಬದಷ್ಟು ಹಳೇ ಸಾಮಾನಿನ ಹಬ್ಬ ಇನ್ನೊಂದಿಲ್ಲ. ಪಟ್ಟದ ಗೊಂಬೆಯೇ ತಾಯಿಯಿಂದ ಮಗಳಿಗೆ ಬರುವಂಥದ್ದು. ರೆಡಿಮೇಡ್ ಸ್ಟ್ಯಾಂಡ್ ಬರುವ ಮುಂಚೆ ಬಿಳಿ ಪಂಚೆಯ ಕೆಳಗಿರುತ್ತಿದ್ದುದು ಟ್ರಂಕು, ಅಕ್ಕಿ ಡಬ್ಬ, ಮಕ್ಕಳ ಪಠ್ಯಪುಸ್ತಕದ ಕಟ್ಟು.

ಆದರೆ ನಿಮಗೂ ಒಂದು ಮಾತು ಹೇಳಬೇಕು. ಆ ಬಾಟಲಿ ಹೂವುಗಳು ಈಗ ಎಲ್ಲಿವೆ? ಚಿಂದಿಯವರು ಖಾಲಿ ಬಾಟಲಿಯನ್ನು ಸಂತೋಷವಾಗಿ ಒಯ್ಯುತ್ತಾರೆ. ಅದನ್ನೇ ಕತ್ತರಿಸಿ, ಬಣ್ಣ ಬಳಿದು, ಮಿನುಗು ಪುಡಿ ಉದುರಿಸಿ, ಗಮ್ ಗನ್ನಿನಿಂದ ಅಂಟಿಸಿದ ಮೇಲೆ ಯಾರೂ ಮುಟ್ಟುವುದಿಲ್ಲ. ಮರುಬಳಕೆಗೆ ಹೋಗುತ್ತಿದ್ದ ವಸ್ತುವನ್ನು ನಾವೇ ಕಷ್ಟಪಟ್ಟು ಕಸ ಮಾಡಿದ ಹಾಗಾಯಿತು. ಮಿನುಗು ಪುಡಿಯಂತೂ ಬಹುಪಾಲು ಪ್ಲಾಸ್ಟಿಕ್ಕೇ, ನೆಲ ಒರೆಸಿದ ನೀರಿನ ಜೊತೆ ಚರಂಡಿ ಸೇರುತ್ತದೆ. ಮಂಟಪಕ್ಕೆ ಥರ್ಮೋಕೋಲ್ ಯೋಚನೆಯಿದ್ದರೆ ಅದನ್ನೂ ಬಿಡಿ. ಅಲಂಕಾರದ ಥರ್ಮೋಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ, ಅಂಗಡಿಯಲ್ಲಿ ಸಿಕ್ಕರೂ ಸಹ.

ಹಾಗಾಗಿ ಅಂಟಿಸಬೇಡಿ, ಕಟ್ಟಿ. ಬಳೆಗಳನ್ನು ಹಳೇ ರವಿಕೆಯ ಅಂಚಿನಿಂದ ಒಂದಕ್ಕೊಂದು ಗಂಟು ಹಾಕಿ ತೋರಣ ಮಾಡಿದರೆ ವಿಜಯದಶಮಿಯಾದ ಮೇಲೆ ಬಿಚ್ಚಿ ಡಬ್ಬಕ್ಕೆ ಹಾಕಬಹುದು. ಗಾಜಿನ ಬಳೆ ಒಡೆದದ್ದು ಬೇಡ, ಅಲ್ಲಿ ಅತ್ತೆಯ ಮಾತು ನ್ಯಾಯವೇ. ಸಿ.ಡಿ.ಗಳನ್ನು ದಾರದಲ್ಲಿ ಇಳಿಬಿಡಿ, ಹಬ್ಬ ಮುಗಿದ ಮೇಲೆ ಬಾಲ್ಕನಿಯಲ್ಲಿ ಪಾರಿವಾಳ ಓಡಿಸಲಿಕ್ಕೂ ಆಗುತ್ತವೆ. ಗಣಪತಿ ಚಿತ್ರವಿದೆ ಅಂತ ಕಸಕ್ಕೂ ಹಾಕಲಾರದೆ ಪೇರಿಸಿಟ್ಟ ಲಗ್ನಪತ್ರಿಕೆಗಳ ದಪ್ಪ ರಟ್ಟು ಪುಟ್ಟ ಮಂಟಪದ ಕಮಾನಿಗೆ ಹೇಳಿಮಾಡಿಸಿದ್ದು. ಇದಕ್ಕೆ ಮಾತ್ರ ಹಿಂದಿನಿಂದ ಮೈದಾ ಅಂಟು ಹಚ್ಚಿ ನಿಲ್ಲಿಸಿ. ಮಣ್ಣಿನ ಗೊಂಬೆಗಳ ಧೂಳನ್ನು ಒಣ ಬಟ್ಟೆಯಲ್ಲೇ ಒರೆಸಿ, ನೀರು ತಾಗಿದರೆ ಬಣ್ಣ ಎದ್ದುಬರುತ್ತದೆ. ಇಷ್ಟಾದ ಮೇಲೂ ಅಟ್ಟದಲ್ಲಿ ಡಬ್ಬಗಳು ಉಳಿಯುತ್ತವೆ. ಎಲ್ಲವೂ ಆನೆ, ಅಂಬಾರಿ ಆಗಲೇಬೇಕೆಂದೇನಿಲ್ಲ, ಗುಜರಿಗೆ ಹಾಕಿ.

ನಾದಿನಿಗೆ ಉತ್ತರ ಕೊಡಲು ಹೋಗಬೇಡಿ. ಆಕೆಯ ತವರಿನ ಗೊಂಬೆಗಳನ್ನು ನೀವು ಕೂರಿಸುತ್ತಿದ್ದೀರಿ, ಚಿಕ್ಕಂದಿನಲ್ಲಿ ಆಕೆಯೇ ಜೋಡಿಸುತ್ತಿದ್ದಿರಬಹುದು. ಆ ನಗುವಿನಲ್ಲಿ ಸ್ವಲ್ಪ ಅದೂ ಇರುತ್ತದೆ. ಈ ವರ್ಷ ಮುಂಚೆಯೇ ಫೋನ್ ಮಾಡಿ, “ಗೊಂಬೆ ಕೂರಿಸುವ ದಿನ ಬೆಳಿಗ್ಗೆಯೇ ಬನ್ನಿ, ಒಂದು ಮೆಟ್ಟಿಲು ನಿಮ್ಮದು” ಅನ್ನಿ. ಬಾರದಿದ್ದರೆ ಬಿಡಿ, ಕರೆದದ್ದು ಅತ್ತೆಗೆ ಗೊತ್ತಿರುತ್ತದೆ.

ಮಗಳ ಆಸೆ ತಪ್ಪಲ್ಲ. ವರ್ಷಕ್ಕೊಂದು ಹೊಸ ಗೊಂಬೆ ಸೇರಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ, ಅದನ್ನು ಅವಳ ಕೈಗೆ ಕೊಡಿ. ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿ ಅವಳೇ ಆರಿಸಲಿ. ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಬಣ್ಣ ಹತ್ತುವುದನ್ನು, ತಾಳೆಗರಿ ಹಿಡಿದೊಡನೆ ಹೊಳಪು ಬರುವುದನ್ನು ನೋಡಿದರೆ ಅಂಗಡಿಯ ಮಿನುಗು ಸರಕು ಅವಳಿಗೇ ಸಪ್ಪೆ ಅನ್ನಿಸೀತು. ಪಾರ್ಕನ್ನೂ ಅವಳಿಗೇ ವಹಿಸಿ. ಹಳೇ ಹರಿವಾಣಕ್ಕೆ ಮಣ್ಣು ತುಂಬಿ, ರಾತ್ರಿ ನೆನೆಸಿದ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಲಿ. ಮಹಾಲಯ ಅಮಾವಾಸ್ಯೆಗೆ ನಾಲ್ಕೈದು ದಿನ ಮುಂಚೆ ಚೆಲ್ಲಿದರೆ ಪಾಡ್ಯದ ಹೊತ್ತಿಗೆ ಹಸಿರು. ಪಕ್ಷದಲ್ಲಿ ಹಬ್ಬದ ಕೆಲಸ ಶುರು ಮಾಡಬೇಡಿ ಅಂತ ಅತ್ತೆ ಅಂದರೆ ಪಾಡ್ಯದ ದಿನವೇ ಚೆಲ್ಲಿ, ಸರಸ್ವತಿ ಪೂಜೆಯ ಹೊತ್ತಿಗೆ ಬಂದಿರುತ್ತದೆ.